ಗಂಗಾಳದ ಹತ್ತಿರ ಬರುವ ಕೂಸು

ಕಿತ್ತೂರು ತಾಲೂಕಿನ ದೇಗಾಂವ ಮಲೆನಾಡಿನ ಸೆರಗಿನಲ್ಲಿದೆ. ಗೋವೆಯ ಕದಂಬರ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿಯನ್ನು ನೋಡಲು ದೂರದವರೂ ಇಲ್ಲಿಗೆ ಬರುತ್ತಾರೆ. ಮಳೆಯ ಸೀಮೆ ಇದು. ಭತ್ತ ಬೆಳೆಯುತ್ತದೆ, ಊಟದಲ್ಲಿ ಅನ್ನಕ್ಕೆ ದೊಡ್ಡ ಜಾಗ. ಇಲ್ಲಿಂದ ಮೂಡಲಕ್ಕೆ ಹೊರಟರೆ ಬೈಲಹೊಂಗಲದ ಎರೆಹೊಲಗಳು, ಅಲ್ಲಿ ಹಿಂಗಾರಿ ಜೋಳ, ಕಡಲೆ. ಸವದತ್ತಿ ದಾಟಿ ರಾಮದುರ್ಗ ಮುಟ್ಟುವ ಹೊತ್ತಿಗೆ ಮಳೆ ಕಡಿಮೆಯಾಗಿರುತ್ತದೆ, ಗಂಗಾಳದಲ್ಲಿ ರೊಟ್ಟಿಯೇ ಯಜಮಾನ. ಮಲಪ್ರಭೆಯ ಈ ನಾಲ್ಕು ತಾಲೂಕುಗಳಲ್ಲಿ ಹುಟ್ಟಿದ ಪ್ರತಿ ಕೂಸೂ ಒಂದೂವರೆ ವರ್ಷದೊಳಗೆ ಎದೆಹಾಲಿನಿಂದ ಹೊರಟು, ಗಂಜಿ ಹಾಯ್ದು, ಆ ಗಂಗಾಳದ ಹತ್ತಿರ ಬಂದು ಕೂಡಬೇಕು. ದೂರ ಬಹಳವಿಲ್ಲ, ಆದರೆ ಬಹಳ ಮಕ್ಕಳು ನಡುವೆಯೇ ನಿಂತುಬಿಡುತ್ತಾರೆ.

ಯಾಕೆ ನಿಲ್ಲುತ್ತಾರೆ? ಎಂಟು ತಿಂಗಳ ಕೂಸಿಗೆ ರೊಟ್ಟಿ ಯಾಕೆ ಕೊಟ್ಟಿಲ್ಲ ಎಂದು ಈ ಸೀಮೆಯ ಯಾವ ಮನೆಯಲ್ಲಿ ಕೇಳಿದರೂ ಆಯಿ ಹೇಳುವ ಮಾತು ಸಾಮಾನ್ಯವಾಗಿ ಒಂದೇ: “ಹಲ್ಲ ಇನ್ನಾ ಬಂದಿಲ್ಲ ಬಿಡ್ರಿ, ಹೆಂಗ ತಿಂತೈತಿ ಕೂಸು?” ಪ್ರೀತಿಯಿಂದ, ಕಾಳಜಿಯಿಂದ ಬಂದ ಮಾತು ಅದು. ಕೂಸಿನ ಬಾಯಿಯೊಳಗೆ ನಡೆಯುವುದನ್ನು ನೋಡಿದರೆ ಮಾತ್ರ ಅದು ನಿಲ್ಲುವುದಿಲ್ಲ.

ಹುಟ್ಟಿದ ಕೂಸಿನ ನಾಲಿಗೆಗೆ ಬರುವುದು ಚೀಪುವ ಕೆಲಸ ಒಂದೇ. ತುಟಿಯ ಮೇಲೆ ಗಟ್ಟಿಯಾದದ್ದೇನಾದರೂ ಇಟ್ಟರೆ ನಾಲಿಗೆ ಅದನ್ನು ತಾನಾಗಿಯೇ ಹೊರಗೆ ನೂಕುತ್ತದೆ. ಕೂಸಿಗೆ ಇದೊಂದು ರಕ್ಷಣೆ, ನುಂಗಲು ಬರದ ವಸ್ತು ಗಂಟಲಿಗೆ ಇಳಿಯದಂತೆ ತಡೆಯುವ ಸಹಜ ಪ್ರತಿಕ್ರಿಯೆ. ನಾಲ್ಕರಿಂದ ಆರು ತಿಂಗಳ ನಡುವೆ ಇದು ಮೆಲ್ಲಗೆ ಅಳಿಯುತ್ತದೆ. ಆರು ತಿಂಗಳಿಗೆ ಕತ್ತು ನಿಲ್ಲುತ್ತದೆ, ಆಸರೆ ಕೊಟ್ಟರೆ ಕೂಸು ಕೂಡುತ್ತದೆ, ದೊಡ್ಡವರು ತುತ್ತು ಎತ್ತಿದರೆ ಕಣ್ಣು ತುತ್ತಿನ ಹಿಂದೆಯೇ ಹೋಗುತ್ತದೆ. ಹೊರಗಿನ ಊಟ ಶುರುಮಾಡಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದೇ ಆರು ತಿಂಗಳನ್ನೇ. ಎದೆಹಾಲನ್ನು ಬಿಡಿಸಬೇಕಾಗಿಲ್ಲ, ಅದು ಎರಡು ವರ್ಷದವರೆಗೆ, ಅದರಾಚೆಗೂ ಊಟದ ಜೊತೆ ನಡೆಯಲಿ.

ಇನ್ನು ಹಲ್ಲಿನ ವಿಷಯ. ಮೊದಲು ಬರುವುದು ಕೆಳಗಿನ ಮುಂಬಲ್ಲು, ಸಾಮಾನ್ಯವಾಗಿ ಆರರಿಂದ ಹತ್ತು ತಿಂಗಳಲ್ಲಿ. ಮುಂಬಲ್ಲು ಕಚ್ಚಲಿಕ್ಕೆ, ಅಗಿಯಲು ಬೇಕಾದದ್ದು ದವಡೆ ಹಲ್ಲು. ಮೊದಲ ದವಡೆ ಹಲ್ಲು 13ರಿಂದ 19 ತಿಂಗಳಲ್ಲಿ, ಎರಡನೆಯದು ಎರಡು ವರ್ಷದ ಆಚೀಚೆ ಬರುತ್ತದೆ. ಹಲ್ಲು ಬರಲಿ ಎಂದು ಕಾಯುತ್ತ ಕೂತರೆ ಕೂಸು ಎರಡು ವರ್ಷ ಗಂಜಿಯ ಮೇಲೇ ಇರಬೇಕಾಗುತ್ತದೆ. ಆದರೆ ವಸಡು ಗಟ್ಟಿ. ಏಳೆಂಟು ತಿಂಗಳ ಕೂಸು ಬೆರಳಿನಲ್ಲಿ ಹಿಚುಕಿದರೆ ಮುದ್ದೆಯಾಗುವ ಯಾವುದನ್ನೂ ವಸಡಿನಲ್ಲೇ ಜಜ್ಜಿ ನುಂಗಬಲ್ಲದು. ಅಗಿಯುವುದೆಂದರೆ ಹಲ್ಲಿಗಿಂತ ಹೆಚ್ಚಾಗಿ ನಾಲಿಗೆಯ ಕೆಲಸ. ತುತ್ತನ್ನು ಒಂದು ಬದಿಗೆ ಸರಿಸಬೇಕು, ಅಲ್ಲಿ ಹಿಡಿಯಬೇಕು, ಎಂಜಲಲ್ಲಿ ನಾದಬೇಕು, ಮತ್ತೆ ನಡುವೆ ತಂದು ಹಿಂದಕ್ಕೆ ಕಳಿಸಬೇಕು. ಮೊದಮೊದಲು ದವಡೆ ಮೇಲೆ ಕೆಳಗೆ ಅಷ್ಟೇ ಆಡುತ್ತದೆ. ದೊಡ್ಡವರ ಹಾಗೆ ತಿರುಗಿಸಿ ಅರೆಯುವ ಚಲನೆ ಒಂದು ವರ್ಷದ ನಂತರ ಬೆಳೆಯುತ್ತ ಹೋಗುತ್ತದೆ. ಇದನ್ನು ಕೂಸು ಕಲಿಯುವುದು ಬಾಯಿಯಲ್ಲಿ ತುಣುಕು ಬಿದ್ದಾಗ ಮಾತ್ರ. ಸೋಸಿದ ಗಂಜಿ ವರ್ಷಗಟ್ಟಲೆ ಕುಡಿದರೂ ನಾಲಿಗೆಗೆ ಈ ಪಾಠ ಸಿಗುವುದಿಲ್ಲ.

ಇದಕ್ಕೆ ಒಂದು ಕಾಲವಿದೆ ಎಂಬ ಸಂಗತಿಯನ್ನು ಇಂಗ್ಲೆಂಡಿನ ಮಕ್ಕಳ ವೈದ್ಯ ರೊನಾಲ್ಡ್ ಇಲ್ಲಿಂಗ್‌ವರ್ತ್ ಮತ್ತು ಲಿಸ್ಟರ್ 1964ರಲ್ಲಿ ಬರೆದರು: ಕೂಸು ಅಗಿಯಲು ಸಿದ್ಧವಾದ ತಿಂಗಳುಗಳಲ್ಲಿ ಗಟ್ಟಿ ಆಹಾರ ಸಿಗದಿದ್ದರೆ ಮುಂದೆ ಅದನ್ನು ಒಪ್ಪಿಸುವುದು ಕಷ್ಟ. ಮುಂದೆ ಬ್ರಿಸ್ಟಲ್ ಸುತ್ತಿನ ಏವನ್ ಪ್ರದೇಶದಲ್ಲಿ 1991-92ರಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ ಇದು ಅಂಕಿಗಳಲ್ಲಿಯೂ ಕಂಡಿತು. ಹತ್ತು ತಿಂಗಳು ತುಂಬುವವರೆಗೂ ಗಂಟುಗಂಟಾದ ಆಹಾರ ಸಿಗದ ಮಕ್ಕಳಲ್ಲಿ 15 ತಿಂಗಳ ವಯಸ್ಸಿಗೆ ಉಣಿಸುವ ತಕರಾರು ಹೆಚ್ಚಾಗಿತ್ತು. ಅದೇ ಮಕ್ಕಳು ಏಳು ವರ್ಷದವರಾದಾಗ ನೋಡಿದರೆ ಕಾಯಿಪಲ್ಯ, ಹಣ್ಣುಗಳನ್ನು ಕಡಿಮೆ ತಿನ್ನುತ್ತಿದ್ದರು. ಮೊದಲಿನಿಂದಲೇ ತಕರಾರು ಮಾಡುತ್ತಿದ್ದ ಕೂಸಿಗೆ ತಾಯಿ ತಡವಾಗಿ ಕೊಟ್ಟಿರಬಹುದು, ಆದ್ದರಿಂದ ಎಲ್ಲವನ್ನೂ ತಡದ ತಲೆಗೇ ಕಟ್ಟಲಾಗದು. ಆದರೂ ಬಾಯಿಯ ಬೆಳವಣಿಗೆಯ ಬಗ್ಗೆ ಗೊತ್ತಿರುವುದೂ ಈ ಅಂಕಿಗಳೂ ಒಂದೇ ದಿಕ್ಕಿಗೆ ಕೈ ತೋರಿಸುತ್ತವೆ. ಹತ್ತು ತಿಂಗಳೊಳಗೆ ಕೂಸಿನ ಬಾಯಿಗೆ ತುಣುಕು ಬೀಳಲೇಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಬಾಯಿಯಿಂದ ಹೊಟ್ಟೆಗೆ ಇಳಿಯೋಣ. ಕೂಸಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಅದರ ತೂಕದ ಪ್ರತಿ ಕಿಲೋಗೆ ಸುಮಾರು 30 ಗ್ರಾಂ. ಎಂಟು ಕಿಲೋ ತೂಗುವ ಕೂಸು ಎಂದರೆ ಹೆಚ್ಚೆಂದರೆ 240 ಗ್ರಾಂ, ಒಂದು ದೊಡ್ಡ ವಾಟಗದಷ್ಟು. ಎದೆಹಾಲು ಕುಡಿಯುವ ಕೂಸಿಗೂ ಹೊರಗಿನ ಊಟದಿಂದ ಆರರಿಂದ ಎಂಟು ತಿಂಗಳಲ್ಲಿ ದಿನಕ್ಕೆ ಸುಮಾರು 200 ಕ್ಯಾಲೊರಿ, ಒಂಬತ್ತರಿಂದ ಹನ್ನೊಂದರಲ್ಲಿ 300, ವರ್ಷ ತುಂಬಿದ ಮೇಲೆ 550 ಬೇಕು. ಈಗ ನಮ್ಮ ಮನೆಗಳಲ್ಲಿ ಕೂಸಿಗೆಂದು ಮಾಡುವ ತಿಳಿ ಗಂಜಿಯ ಲೆಕ್ಕ ಹಾಕಿ. ನೂರು ಮಿಲಿಲೀಟರ್ ನೀರಿಗೆ ಐದು ಗ್ರಾಂ ಹಿಟ್ಟು ಹಾಕಿದರೆ ಅದರಲ್ಲಿ ಇರುವುದು 17 ಕ್ಯಾಲೊರಿಯಷ್ಟು. ಹೊಟ್ಟೆ ಬಿರಿಯುವಂತೆ 240 ಮಿಲಿಲೀಟರ್ ಕುಡಿಸಿದರೂ ಸಿಗುವುದು ಸುಮಾರು 40 ಕ್ಯಾಲೊರಿ. ಕೂಸು ತೇಗುತ್ತದೆ, ಮಲಗುತ್ತದೆ, ತಾಯಿಗೆ ಸಮಾಧಾನವಾಗುತ್ತದೆ. ಅದರ ಮೈಗೆ ಮಾತ್ರ ಏನೂ ಸೇರಿರುವುದಿಲ್ಲ. ಅನ್ನದ ತಿಳಿ, ಬ್ಯಾಳಿಯ ಕಟ್ಟು, ಎರಡೂ ಹೀಗೆಯೇ. ಬ್ಯಾಳಿಯ ಸತ್ವವೆಲ್ಲ ಪಾತ್ರೆಯ ತಳದಲ್ಲಿ ಕೂತಿರುತ್ತದೆ, ಕೂಸಿಗೆ ಮೇಲಿನ ನೀರು ಹೋಗುತ್ತದೆ. ಚಮಚ ಓರೆ ಮಾಡಿದರೆ ಹರಿದು ಬೀಳದೆ ನಿಧಾನವಾಗಿ ಜಾರಬೇಕು, ಅಷ್ಟು ದಪ್ಪ ಇದ್ದರೆ ಅದು ಕೂಸಿನ ಊಟ. ಮೇಲೆ ಒಂದು ಸಣ್ಣ ಚಮಚ ತುಪ್ಪವನ್ನೋ ಶೇಂಗಾ ಎಣ್ಣೆಯನ್ನೋ ಬಿಟ್ಟರೆ ಗಾತ್ರ ಹೆಚ್ಚದೆ 40 ಕ್ಯಾಲೊರಿಯ ಮೇಲೆ ಸೇರುತ್ತದೆ. ಇಡೀ ವಾಟಗದ ತಿಳಿ ಗಂಜಿ ಕೊಟ್ಟದ್ದೂ ಇಷ್ಟೇ ತಾನೇ!

ದಪ್ಪ ಮಾಡಿದರೆ ಏಳು ತಿಂಗಳ ಕೂಸು ನುಂಗುವುದಿಲ್ಲ, ಅಂಟಂಟಾಗಿ ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ ಎಂಬ ತಾಯಂದಿರ ದೂರು ನಿಜವೇ. ಹಿಟ್ಟಿನ ಪಿಷ್ಟ ಬಿಸಿನೀರಿನಲ್ಲಿ ಉಬ್ಬಿ ಗೋಂದಿನಂತಾಗುತ್ತದೆ. ಈ ತೊಡಕಿಗೆ ಒಳ್ಳೆಯ ಉತ್ತರ ಸಿಕ್ಕಿದ್ದು ನಮ್ಮದೇ ಮೈಸೂರಿನಲ್ಲಿ. 1950ರಲ್ಲಿ ಅಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಎಮ್ಮೆಯ ಹಾಲಿನಿಂದ ಮಕ್ಕಳ ಹಾಲಿನ ಪುಡಿ ತಯಾರಿಸುವ ವಿಧಾನವನ್ನು ರೂಪಿಸಿ ಹೆಸರಾಗಿತ್ತು. ಅಮುಲ್‌ನ ಮಕ್ಕಳ ಆಹಾರದ ಡಬ್ಬಿಯ ಹಿಂದೆ ಇರುವುದು ಆ ಕೆಲಸ. ಆದರೆ ಬಡ ಮನೆಯ ಕೂಸಿನ ದೃಷ್ಟಿಯಿಂದ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದೇ ಸಂಸ್ಥೆಯ ಎಚ್.ಎಸ್.ಆರ್. ದೇಶಿಕಾಚಾರ್ ಮತ್ತು ಎನ್.ಜಿ. ಮಲ್ಲೇಶಿ ಅವರು 1980ರ ಆಸುಪಾಸಿನಲ್ಲಿ ಮಾಡಿದ ಕೆಲಸ. ರಾಗಿ, ಹೆಸರುಕಾಳು ಮೊಳಕೆಯೊಡೆದಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಬೆಳೆಯುವ ಸಸಿಗೆ ಉಣ್ಣಲು ಬೇಕೆಂದು ಕಾಳು ತನ್ನ ಪಿಷ್ಟವನ್ನು ತಾನೇ ಒಡೆದುಕೊಳ್ಳುವ ವ್ಯವಸ್ಥೆ ಅದು. ಆ ಮೊಳಕೆ ಕಾಳನ್ನು ಒಣಗಿಸಿ, ಹದವಾಗಿ ಹುರಿದು, ಬೀಸಿದ ಹಿಟ್ಟಿನಲ್ಲಿ ಗಂಜಿ ಮಾಡಿದರೆ ಗೋಂದು ಕಟ್ಟುವುದಿಲ್ಲ. ಹಿಟ್ಟು ಎರಡು ಮೂರು ಪಟ್ಟು ಹಾಕಿದರೂ ಗಂಜಿ ಚಮಚದಿಂದ ಸಲೀಸಾಗಿ ಇಳಿಯುತ್ತದೆ. ಬಡೋದೆಯಲ್ಲಿ ತಾರಾ ಗೋಪಾಲದಾಸ್ ಇದೇ ತತ್ವವನ್ನು ಇನ್ನಷ್ಟು ಸರಳ ಮಾಡಿದರು: ದಪ್ಪ ಗಂಜಿ ಮಾಡಿ, ಕುದಿ ಇಳಿದು ಇನ್ನೂ ಬಿಸಿ ಇರುವಾಗ ಒಂದು ಚಮಚ ಮೊಳಕೆ ಹಿಟ್ಟು ಕದಡಿದರೆ ಕೆಲವೇ ನಿಮಿಷಗಳಲ್ಲಿ ಅದು ಸಡಿಲಾಗುತ್ತದೆ. ಸಡಿಲಾದ ಮೇಲೆ ಮತ್ತೊಂದು ಕುದಿ ತರಬೇಕು, ಮೊಳಕೆಯ ಜೊತೆ ಬರುವ ರೋಗಾಣು ಸಾಯಲಿಕ್ಕೆ. ಹಿಟ್ಟಿಗೆಂದು ಕಾಳನ್ನು ಕೆಂಪಗೆ ಹುರಿದರೆ ಕಿಣ್ವವೂ ಸುಟ್ಟುಹೋಗುತ್ತದೆ. ಕೈಗೆ ಬೆಚ್ಚಗಾಗಿ ಘಮ ಬಂದರೆ ಸಾಕು.

ಜೋಳದ ಸೀಮೆಯವರಿಗೆ ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ರಾಗಿಯನ್ನು ಮೊಳಕೆ ಕಟ್ಟಿದ ಹಾಗೆ ಜೋಳವನ್ನು ಕಟ್ಟಬೇಡಿ. ಎಳೆ ಜೋಳದ ಪೈರು ಮೇದ ದನ ಸತ್ತದ್ದನ್ನು ಬೈಲಹೊಂಗಲ, ಸವದತ್ತಿಯ ಒಕ್ಕಲಿಗರು ಕಂಡಿರುತ್ತಾರೆ, ಕೇಳಿರುತ್ತಾರೆ. ಚಿಗುರಿನಲ್ಲಿ ಧುರಿನ್ ಎಂಬ ವಸ್ತು ಇರುತ್ತದೆ, ಜಗಿದಾಗ ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಒಣ ಜೋಳದ ಕಾಳಿನಲ್ಲಿ ಆ ಭಯವಿಲ್ಲ, ಆದರೆ ಮೊಳಕೆಯ ಬೇರು ಚಿಗುರುಗಳಲ್ಲಿ ಅದೇ ವಿಷ ಕೂಡಿಕೊಳ್ಳುತ್ತದೆ. ಕೂಸಿನ ಹಿಟ್ಟಿಗೆ ರಾಗಿ, ಗೋದಿ, ಹೆಸರು ಇವುಗಳ ಮೊಳಕೆಯೇ ಸಾಕು.

ಜೋಳದ ಇನ್ನೊಂದು ಸ್ವಭಾವವೂ ಗೊತ್ತಿರಬೇಕು. ಜೋಳದ ಪ್ರೋಟೀನು ನೀರಿನಲ್ಲಿ ಬೆಂದಾಗ ಗಟ್ಟಿ ಹೆಣೆದುಕೊಂಡು ಜೀರ್ಣಕ್ಕೆ ಒಗ್ಗದಂತಾಗುತ್ತದೆ. ಪೆರು ದೇಶದ ಲಿಮಾ ನಗರದಲ್ಲಿ ಚಿಕ್ಕ ಮಕ್ಕಳಿಗೆ ಬರೀ ಜೋಳದ ಗಂಜಿ ಕೊಟ್ಟು 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದರ ಪ್ರೋಟೀನಿನ ಅರ್ಧಕ್ಕಿಂತ ಕಡಿಮೆ ಪಾಲು ಮಾತ್ರ ಮೈಗೆ ಹತ್ತಿತ್ತು. ಹುಳಿ ಬರಿಸಿದರೆ ಇದು ಸುಧಾರಿಸುತ್ತದೆ. ಹಿಟ್ಟನ್ನು ಕದಡಿ ಹುಳಿಗಿಟ್ಟು, ಕುದಿಸಿ, ಮಜ್ಜಿಗೆ ಬೆರೆಸುವ ಅಂಬಲಿಯ ಪದ್ಧತಿಯಲ್ಲಿ ಈ ಲಾಭವಿದೆ. ಕೂಸಿಗೆ ಅದನ್ನು ನೀರಾಗಿ ಮಾಡದೆ ಗಟ್ಟಿ ಮೊಸರಿನ ಹದದಲ್ಲಿ ಕೊಡಬೇಕಷ್ಟೆ. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಮೈನೋ ಆಮ್ಲ ತೊಗರಿ, ಹೆಸರು, ಮಡಿಕೆ ಕಾಳುಗಳಲ್ಲಿ ಧಾರಾಳವಾಗಿದೆ. ರೊಟ್ಟಿಯ ಜೊತೆ ಕಾಳಿನ ಪಲ್ಯ ಇಡುವ ಸೀಮೆಯ ಊಟ ದೊಡ್ಡವರಿಗೆ ಎಷ್ಟು ಸರಿಯೋ ಕೂಸಿಗೂ ಅಷ್ಟೇ ಸರಿ. ಬಿಸಿ ರೊಟ್ಟಿಯ ಮೆತ್ತನೆಯ ಒಳಪದರನ್ನು ಬ್ಯಾಳಿಯಲ್ಲಿ ನೆನೆಸಿ ಬೆರಳಿನಿಂದ ಕಿವಿಚಿದರೆ ಎಂಟು ತಿಂಗಳ ಊಟ. ಒಂಬತ್ತು ಹತ್ತಕ್ಕೆ ಅದೇ ರೊಟ್ಟಿಯನ್ನು ಕಿವಿಚದೆ ಸಣ್ಣ ಚೂರು ಮಾಡಿ ನೆನೆಸಿಟ್ಟರೆ ಸಾಕು. ಆ ಹೊತ್ತಿಗೆ ಹೆಬ್ಬೆರಳು ತೋರುಬೆರಳಿನಲ್ಲಿ ಚೂರನ್ನು ಚಿಮಟಿ ಎತ್ತಲು ಕೂಸಿಗೆ ಬಂದಿರುತ್ತದೆ. ನುಚ್ಚು ಮಜ್ಜಿಗೆಯಂತೂ ಈ ವಯಸ್ಸಿಗೆಂದೇ ಮಾಡಿದ ಹಾಗಿದೆ: ಕಾಳಿನ ತರಿ ನಾಲಿಗೆಗೆ ಸಿಗುತ್ತದೆ, ಗಂಟಲಿಗೆ ಅಂಜಿಕೆಯಿಲ್ಲ. ದೇಗಾಂವದ ಕಡೆ ಮೆತ್ತಗೆ ಬೇಯಿಸಿದ ಅನ್ನ, ಹೆಸರುಬ್ಯಾಳಿ ಕಿಚಡಿ, ಬೆಂದ ಕುಂಬಳಕಾಯಿ ಇದೇ ಕೆಲಸ ಮಾಡುತ್ತವೆ. ವರ್ಷ ತುಂಬುವಷ್ಟರಲ್ಲಿ ಮನೆಯವರೆಲ್ಲ ಉಣ್ಣುವ ಅಡುಗೆಯೇ ಕೂಸಿನ ಅಡುಗೆಯಾಗಬೇಕು. ಉಪ್ಪು ಖಾರ ಬೀಳುವ ಮೊದಲು ಒಂದು ಸೌಟು ತೆಗೆದಿಟ್ಟರೆ ಬೇರೆ ಒಲೆ, ಬೇರೆ ಪಾತ್ರೆ ಯಾವುದೂ ಬೇಡ.

ಇಷ್ಟೆಲ್ಲ ಮನೆಯಲ್ಲಿದ್ದೂ ಕೂಸಿನ ರಕ್ತ ಯಾಕೆ ಬಿಳಿಚಿಕೊಳ್ಳುತ್ತದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇದೆ, ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ದೇಶದಲ್ಲಿ ಆರರಿಂದ 23 ತಿಂಗಳ ಮಕ್ಕಳ ಪೈಕಿ ಸಾಕಷ್ಟು ಸಲ, ಸಾಕಷ್ಟು ಬಗೆಯ ಊಟ ಸಿಗುತ್ತಿದ್ದದ್ದು ಶೇ. 11.3 ಮಂದಿಗೆ. ಈ ಅಂಕಿಗಳನ್ನು ಓದಿ ಸುಮ್ಮನಿರಲು ನನಗಾಗುವುದಿಲ್ಲ. ರಕ್ತಹೀನತೆ ಮೈಯ ಸುಸ್ತಿಗೆ ನಿಲ್ಲುವುದಿಲ್ಲ. ಮೊದಲ ಎರಡು ವರ್ಷ ಮಿದುಳು ಬೆಳೆಯುವ ಭರದ ಕಾಲ, ಅದಕ್ಕೂ ಕಬ್ಬಿಣಾಂಶ ಬೇಕು.

ಕೂಸು ಹುಟ್ಟುವಾಗ ಕಬ್ಬಿಣಾಂಶದ ಗಂಟನ್ನು ತಾಯಿಯ ಗರ್ಭದಿಂದಲೇ ತಂದಿರುತ್ತದೆ. ಎದೆಹಾಲಿನಲ್ಲಿ ಅದು ಬಹಳ ಕಡಿಮೆ, ಲೀಟರಿಗೆ ಅರ್ಧ ಮಿಲಿಗ್ರಾಂ ಕೂಡ ಇಲ್ಲ. ತಂದ ಗಂಟು ಆರು ತಿಂಗಳ ಹೊತ್ತಿಗೆ ಕರಗುತ್ತದೆ; ಆಗಲೇ ಊಟದಿಂದ ಬರಬೇಕು. ಬರುವ ದಾರಿಯನ್ನು ಎರಡು ಕುಡಿಯುವ ಪದಾರ್ಥಗಳು ತಡೆಯುತ್ತವೆ. ಒಂದು ಹಾಲು. ಎಮ್ಮೆ ಆಕಳು ಕಟ್ಟಿದ ಮನೆಯಲ್ಲಿ ಹಾಲು ಹೆಮ್ಮೆಯ ವಸ್ತು, ಕೂಸಿಗೆ ದಿನಕ್ಕೆ ಒಂದು ಲೀಟರ್ ಕುಡಿಸಿದೆವೆಂದು ಸಂತೋಷದಿಂದ ಹೇಳುವವರಿದ್ದಾರೆ. ಅದರಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ, ಅದರ ಕ್ಯಾಲ್ಸಿಯಂ ಬೇರೆ ಆಹಾರದ ಕಬ್ಬಿಣಾಂಶವನ್ನೂ ಹೀರಲು ಬಿಡುವುದಿಲ್ಲ, ಜೊತೆಗೆ ಹೊಟ್ಟೆ ತುಂಬಿಸಿ ಊಟವನ್ನು ಹೊರಗೇ ನಿಲ್ಲಿಸುತ್ತದೆ. “ಹಾಲ ಅಷ್ಟs ಕುಡಿತಾನ್ರಿ, ಊಟ ಮಾಡಂಗಿಲ್ಲ” ಎನ್ನುವ ತಾಯಿಗೆ ಡಾಕ್ಟರು ಹೇಳಬೇಕಾದ ಉತ್ತರ ಆ ಮಾತಿನಲ್ಲೇ ಇದೆ. ವರ್ಷ ದಾಟಿದ ಕೂಸಿಗೆ ದಿನಕ್ಕೆ ಅರ್ಧ ಲೀಟರ್ ಮೀರುವುದು ಬೇಡ, ಅದನ್ನೂ ಊಟದ ನಂತರ, ಬಾಟಲಿ ಬಿಟ್ಟು ವಾಟಗದಲ್ಲಿ.

ಎರಡನೆಯದು ಚಹಾ. ನಸುಕಿನಲ್ಲಿ ದೊಡ್ಡವರು ಚಹಾ ಕುಡಿಯುವಾಗ ತೊಡೆಯ ಮೇಲಿನ ಕೂಸಿಗೆ ಬಿಸ್ಕೀಟು ಅದ್ದಿ ತಿನ್ನಿಸುವುದು ಈ ಸೀಮೆಯಲ್ಲಿ ಎಷ್ಟು ಸಾಮಾನ್ಯವೆಂದರೆ ಯಾರೂ ಅದನ್ನು ಊಟವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಹಾದ ಟ್ಯಾನಿನ್ ಕಬ್ಬಿಣಾಂಶವನ್ನು ಕಟ್ಟಿಹಾಕುತ್ತದೆ, ಸಕ್ಕರೆ ಹಸಿವನ್ನು ಕೊಲ್ಲುತ್ತದೆ, ಅದ್ದಿದ ಬಿಸ್ಕೀಟು ಅಗಿಯುವ ಪಾಠವನ್ನೂ ಕಲಿಸುವುದಿಲ್ಲ. ಕೂಸಿನ ಊಟದ ವಿಷಯದಲ್ಲಿ ಒಂದೇ ಒಂದು ರೂಢಿ ಬಿಡಿ ಎಂದು ನನಗೆ ಕೇಳಲು ಅವಕಾಶವಿದ್ದರೆ ನಾನು ಇದನ್ನೇ ಕೇಳುತ್ತೇನೆ. ಅದರ ಬದಲು ಬ್ಯಾಳಿ, ಮೆಂತ್ಯ ಸೊಪ್ಪಿನ ಪಲ್ಯದ ಮೇಲೆ ನಾಲ್ಕು ಹನಿ ನಿಂಬೆ ಹಿಂಡಿ. ಅದರ ವಿಟಮಿನ್ ಸಿ ಕಾಳು ಸೊಪ್ಪಿನ ಕಬ್ಬಿಣಾಂಶವನ್ನು ರಕ್ತಕ್ಕೆ ಸೇರಿಸಲು ನೆರವಾಗುತ್ತದೆ. ತತ್ತಿ, ಮಾಂಸ ತಿನ್ನುವ ಮನೆಯಲ್ಲಿ ಚೆನ್ನಾಗಿ ಬೇಯಿಸಿ, ನುಣ್ಣಗೆ ಮಾಡಿ ಆರು ತಿಂಗಳ ನಂತರ ಅದನ್ನೂ ಕೊಡಬಹುದು, ಕೊಡಬೇಕು. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ಸರಕಾರ ಕಬ್ಬಿಣಾಂಶದ ಔಷಧಿ ಕೊಡುತ್ತದೆ, ವಾರಕ್ಕೆ ಎರಡು ಸಲ, ಒಂದು ಸಲಕ್ಕೆ ಒಂದು ಮಿಲಿಲೀಟರ್. ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಿರಿ, ಕಪಾಟಿನಲ್ಲಿಟ್ಟು ಮರೆಯಬೇಡಿ.

ರುಚಿಯ ಕಥೆ ಇನ್ನೂ ಮುಂಚೆಯೇ ಶುರುವಾಗುತ್ತದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜೂಲಿ ಮೆನ್ನೆಲ್ಲಾ ಮತ್ತು ಗ್ಯಾರಿ ಬೋಶಾಂಪ್ 1991ರಲ್ಲಿ ಹಾಲುಣಿಸುವ ತಾಯಂದಿರಿಗೆ ಬೆಳ್ಳುಳ್ಳಿಯ ಗುಳಿಗೆ ಕೊಟ್ಟು ನೋಡಿದರು. ಎದೆಹಾಲಿಗೆ ಬೆಳ್ಳುಳ್ಳಿಯ ವಾಸನೆ ಬಂತು, ಕೂಸುಗಳು ಮುಖ ತಿರುಗಿಸದೆ ಹೆಚ್ಚು ಹೊತ್ತು ಚೀಪಿದವು. 2001ರಲ್ಲಿ ಮೆನ್ನೆಲ್ಲಾ ಮತ್ತೊಂದು ಪ್ರಯೋಗ ಪ್ರಕಟಿಸಿದರು: ಬಸಿರಿನಲ್ಲಿಯೋ ಬಾಣಂತನದಲ್ಲಿಯೋ ತಾಯಿ ಗಜ್ಜರಿಯ ರಸ ಕುಡಿದಿದ್ದರೆ, ಕೂಸು ಊಟ ಶುರು ಮಾಡಿದಾಗ ಗಜ್ಜರಿ ಬೆರೆಸಿದ ಗಂಜಿಗೆ ಮುಖ ಸಿಂಡರಿಸುವುದು ಕಡಿಮೆ. ನಮ್ಮ ಬಾಣಂತಿಯ ಊಟ ನೆನಪು ಮಾಡಿಕೊಳ್ಳಿ. ಬೆಳ್ಳುಳ್ಳಿ, ಸಬ್ಬಸಿಗೆ ಪಲ್ಯ, ಮೆಂತ್ಯ, ಅಳವಿ, ಕೊಬ್ಬರಿ. ಸಬ್ಬಸಿಗೆಯ ಘಾಟು ಹೊರಗಿನವರಿಗೆ ಸೇರುವುದಿಲ್ಲ. ಈ ಸೀಮೆಯ ಕೂಸಿಗೆ ಅದು ತುತ್ತು ಬಾಯಿಗೆ ಬರುವ ಮೊದಲೇ ಪರಿಚಯವಾಗಿರುವ ಸಾಧ್ಯತೆ ಹೆಚ್ಚು. ಬಾಣಂತಿಗೆ ಪಥ್ಯವೆಂದು ಕಾಯಿಪಲ್ಯ, ಹಣ್ಣು, ಬ್ಯಾಳಿ ಎಲ್ಲವನ್ನೂ ಕಟ್ಟಿಹಾಕುವ ಮನೆಗಳು ಆಕೆಯ ಜೊತೆ ಕೂಸಿನ ಪಾಲನ್ನೂ ಕಸಿಯುತ್ತವೆ.

ಪರಿಚಯವಿದ್ದರೂ ಒಂದು ದಿನ ಕೂಸು ಬೇಡವೆನ್ನುತ್ತದೆ. ಒಂದೂವರೆ ವರ್ಷದ ಆಸುಪಾಸಿನಲ್ಲಿ, ನಿನ್ನೆವರೆಗೆ ತಿಂದದ್ದನ್ನೇ ಇಂದು ಉಗುಳುವ ಹಟ ಶುರುವಾಗುತ್ತದೆ. ನಡೆಯಲು ಕಲಿತ ಕೂಸು ಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಂಡರೆ ಅಪಾಯ; ಹೊಸದಕ್ಕೆ ಅಂಜುವ ಈ ಗುಣ ಅದನ್ನು ಕಾಯಲು ಬಂದಿರಬೇಕೆಂದು ವಿಜ್ಞಾನಿಗಳು ಊಹಿಸುತ್ತಾರೆ. ಲೀಯಾನ್ ಬರ್ಚ್ ಅವರು 1980ರ ದಶಕದಲ್ಲಿ ಎರಡು ವರ್ಷದ ಮಕ್ಕಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಕಂಡದ್ದು ಸರಳ: ಹೊಸ ತಿನಿಸಿನ ರುಚಿ ಎಷ್ಟು ಹೆಚ್ಚು ಸಲ ನೋಡಿದರೋ ಅಷ್ಟು ಇಷ್ಟಪಟ್ಟರು, ಕೆಲವು ತಿನಿಸಿಗೆ ಹತ್ತು ಸಲವೂ ಬೇಕಾಯಿತು. ನಾವು ಎರಡು ಸಲ ಉಗುಳಿದರೆ “ಇವಂಗ ಬದನಿಕಾಯಿ ಸೇರಂಗಿಲ್ಲ” ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಮೂರು ದಿನ ಬಿಟ್ಟು ಮತ್ತೆ ಒಂದು ಚೂರು ಗಂಗಾಳದ ಅಂಚಿಗೆ ಇಡಿ. ಬೈಯಬೇಡಿ, ಬಾಯಿ ಒತ್ತಿ ಹಿಡಿಯಬೇಡಿ, ತಿಂದರೆ ಚಾಕಲೇಟ್ ಎನ್ನಬೇಡಿ.

ಖಾರವೂ ಹಾಗೆಯೇ ಬರುತ್ತದೆ. ಮೆಕ್ಸಿಕೊದ ಒಆಹಾಕಾ ಸೀಮೆಯಲ್ಲಿ ಪಾಲ್ ರೋಜಿನ್ ಎಂಬ ಮನಶ್ಶಾಸ್ತ್ರಜ್ಞ ನೋಡಿದಾಗ, ಮೆಣಸಿನಕಾಯಿ ತಿನ್ನಲು ಅಲ್ಲಿ ಯಾರೂ ಮಕ್ಕಳಿಗೆ ಒತ್ತಾಯ ಮಾಡುತ್ತಿರಲಿಲ್ಲ, ಬಹುಮಾನವನ್ನೂ ಕೊಡುತ್ತಿರಲಿಲ್ಲ. ದೊಡ್ಡವರು ಸವಿದು ತಿನ್ನುವುದನ್ನು ನೋಡುತ್ತ, ಬೇಕೆಂದಾಗ ಸ್ವಲ್ಪ ಹಚ್ಚಿಕೊಳ್ಳುತ್ತ, ಕೆಲವು ವರ್ಷಗಳಲ್ಲಿ ಅವರೂ ರೂಢಿ ಮಾಡಿಕೊಳ್ಳುತ್ತಿದ್ದರು. ಕೆಂಪು ಖಾರದ ಚಟ್ನಿಯ ನಾಡಿನ ನಮಗೆ ಇದು ಧೈರ್ಯ ಕೊಡುವ ಮಾತು. ಎರಡು ವರ್ಷಕ್ಕೇ ಖಾರ ಕಲಿಸಬೇಕಾಗಿಲ್ಲ, ಒಟ್ಟಿಗೆ ಕೂತು ಉಂಡರೆ ಅದು ತಾನೇ ಬರುತ್ತದೆ. ಉಪ್ಪಿಗೆ ಅವಸರ ಇನ್ನೂ ಕಡಿಮೆ. ಒಂದು ವರ್ಷದೊಳಗಿನ ಕೂಸಿನ ಮೂತ್ರಪಿಂಡಕ್ಕೆ ಅದನ್ನು ಹೊರಹಾಕುವ ಶಕ್ತಿ ಪೂರ್ತಿ ಬಂದಿರುವುದಿಲ್ಲ. ವರ್ಷದೊಳಗೆ ಜೇನುತುಪ್ಪವನ್ನು ನೆಕ್ಕಿಸಲೇಬಾರದು, ಅದರಲ್ಲಿ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು.

ಶೇಂಗಾದ ಬಗ್ಗೆ ಎರಡು ಮಾತು, ಎರಡೂ ಮುಖ್ಯ. ಮೊದಲನೆಯದು ಸಿಹಿ ಸುದ್ದಿ: ಲಂಡನ್ನಿನಲ್ಲಿ ಅಲರ್ಜಿಯ ಸಾಧ್ಯತೆ ಹೆಚ್ಚಿದ್ದ 640 ಕೂಸುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷದೊಳಗೇ ಶೇಂಗಾ ತಿನ್ನಲು ಶುರುಮಾಡಿದವರಿಗೆ ಮುಂದೆ ಶೇಂಗಾ ಅಲರ್ಜಿ ಬಂದದ್ದು ಬಹಳ ಕಡಿಮೆ. ಹುರಿದು ನುಣ್ಣಗೆ ಕುಟ್ಟಿದ, ಖಾರವಿಲ್ಲದ ಶೇಂಗಾ ಹಿಂಡಿಯನ್ನು ಮೊಸರನ್ನದಲ್ಲೋ ನುಚ್ಚಿನಲ್ಲೋ ಕಲಸಿ ಕೊಡಲು ಅಂಜಬೇಕಾಗಿಲ್ಲ. ಕೂಸಿಗೆ ಮೈತುಂಬ ಇಸುಬು ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ. ಎರಡನೆಯದು ಎಚ್ಚರಿಕೆ: ಇಡೀ ಶೇಂಗಾ ಕಾಳನ್ನು, ಅದರ ಅರ್ಧ ಬೇಳೆಯನ್ನೂ, ನಾಲ್ಕೈದು ವರ್ಷದವರೆಗೆ ಕೊಡಬಾರದು. ನಮ್ಮ ದೇಶದಲ್ಲಿ ಚಿಕ್ಕ ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ಶೇಂಗಾ ಬೀಜ ಮುಂದಿನ ಸಾಲಿನಲ್ಲಿದೆ. ಶೇಂಗಾ ಕೀಳುವ ಕಾಲದಲ್ಲಿ ಅಂಗಳದ ತುಂಬ ಕಾಯಿ ಹರಡಿರುತ್ತದೆ, ಅಂಬೆಗಾಲಿಡುವ ಕೂಸು ಅದರ ನಡುವೆಯೇ ಆಡುತ್ತದೆ. ಪುಟಾಣಿ, ಕೊಬ್ಬರಿ ಚೂರು, ಇಡೀ ದ್ರಾಕ್ಷಿ, ಹಸಿ ಗಜ್ಜರಿಯ ತುಂಡು ಇವೂ ಅಷ್ಟೇ ಅಪಾಯ.

ತುಣುಕು ಕೊಡಲು ತಾಯಂದಿರು ಅಂಜುವುದು ಕೂಸು ಓಕರಿಸಿದಾಗ. ಹೊಸ ತುತ್ತಿಗೆ ಕೂಸು ವ್ಯಾಕ್ ಎಂದು ಕೆಮ್ಮಿ, ಕಣ್ಣಲ್ಲಿ ನೀರು ತಂದು, ತುತ್ತನ್ನು ಮುಂದಕ್ಕೆ ತಂದುಕೊಂಡರೆ ಅದು ಕಲಿಯುತ್ತಿದೆ ಎಂದು ಅರ್ಥ; ಸದ್ದು ಇರುವವರೆಗೆ ಉಸಿರು ಆಡುತ್ತಿದೆ. ನಿಜವಾಗಿ ಸಿಕ್ಕಿಕೊಂಡ ಕೂಸಿಗೆ ಸದ್ದೇ ಬರುವುದಿಲ್ಲ, ಅಳಲಾಗುವುದಿಲ್ಲ, ತುಟಿ ನೀಲಿಗಟ್ಟುತ್ತದೆ. ಆಗ ಬಾಯಿಗೆ ಬೆರಳು ತುರುಕಬೇಡಿ, ನೀರು ಕುಡಿಸಬೇಡಿ. ಒಂದು ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗೆ ಮಾಡಿ, ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಹೊಡೆಯಿರಿ. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಸಲ ಒತ್ತಿ, ಮತ್ತೆ ಬೆನ್ನಿಗೆ. ಜೊತೆಗಿದ್ದವರು 108ಕ್ಕೆ ಕರೆ ಮಾಡಲಿ. ಕೂಸನ್ನು ಯಾವಾಗಲೂ ಕೂಡಿಸಿಯೇ ಉಣಿಸಬೇಕು. ಮಲಗಿಸಿ, ಓಡಾಡಿಸಿ, ಅಳುವಾಗ, ನಗಿಸುತ್ತ ಉಣಿಸಬಾರದು.

ಎಷ್ಟು ತಿನ್ನಬೇಕೆಂಬುದನ್ನು ಯಾರು ನಿರ್ಧರಿಸಬೇಕು? ಕ್ಲಾರಾ ಡೇವಿಸ್ ಎಂಬ ವೈದ್ಯೆ 1926ರಲ್ಲಿ ಶುರುಮಾಡಿದ ಪ್ರಯೋಗದಲ್ಲಿ, ಆಗತಾನೇ ಹಾಲು ಬಿಡುತ್ತಿದ್ದ ಮಕ್ಕಳ ಮುಂದೆ ಸಕ್ಕರೆ ಬೆರೆಸದ, ಸರಳವಾದ ಹಲವು ಬಗೆಯ ಆಹಾರ ಇಟ್ಟು ಸುಮ್ಮನೆ ಕೂತರು. ಮಕ್ಕಳು ತಮಗೆ ಬೇಕಾದ್ದನ್ನು ಕೈ ತೋರಿಸಿ ತಿಂದರು, ಸಾಕಾದಾಗ ನಿಲ್ಲಿಸಿದರು, ಚೆನ್ನಾಗಿ ಬೆಳೆದರು. ಕೂಸಿಗೆ ಬೇಕಾದ್ದನ್ನೆಲ್ಲ ತಿನ್ನಲು ಬಿಟ್ಟುಬಿಡಿ ಎಂದು ಇದನ್ನು ಓದುವವರಿದ್ದಾರೆ, ಅದು ತಪ್ಪು ಓದು. ಆ ಮಕ್ಕಳ ಮುಂದೆ ಇದ್ದ ಪ್ರತಿಯೊಂದೂ ಒಳ್ಳೆಯದೇ ಆಗಿತ್ತು. ಏನು, ಯಾವಾಗ ಎಂಬುದು ದೊಡ್ಡವರ ಜವಾಬ್ದಾರಿ, ಎಷ್ಟು ಎಂಬುದು ಕೂಸಿನದು. ಅಂಗಡಿಯ ಬಾಗಿಲಿಗೆ ಜೋತುಬಿಟ್ಟ ಐದು ರೂಪಾಯಿಯ ಪೊಟ್ಟಣ ಆ ಆಯ್ಕೆಯೊಳಗೆ ಬಂದ ದಿನ ಕೂಸಿನ ಹಸಿವಿನ ಲೆಕ್ಕ ತಪ್ಪುತ್ತದೆ. ಮೊಬೈಲು ತೋರಿಸಿ ಬಾಯಿಗೆ ತುರುಕುವುದೂ ಅಂಥದ್ದೇ, ಹೊಟ್ಟೆ ತುಂಬಿದ ಸೂಚನೆ ಕೂಸಿಗೆ ತಿಳಿಯುವುದೇ ಇಲ್ಲ.

ಕಳೆ ತೆಗೆಯಲು, ಕಬ್ಬಿನ ಕೆಲಸಕ್ಕೆ ಅವ್ವ ಹೊಲಕ್ಕೆ ಹೋದ ದಿನ ಕೂಸಿನ ಊಟ ಆಯಿಯ ಕೈಯಲ್ಲಿ ಇರುತ್ತದೆ. ಆದ್ದರಿಂದ ಈ ಮಾತುಗಳನ್ನೆಲ್ಲ ತಾಯಿಗೆ ಮಾತ್ರ ಹೇಳಿದರೆ ಸಾಲದು. ಅಂಗನವಾಡಿಯಿಂದ ಆರು ತಿಂಗಳ ಮೇಲ್ಪಟ್ಟ ಕೂಸಿಗೆ ಮನೆಗೆ ಕೊಡುವ ಪುಷ್ಟಿ ಹಿಟ್ಟು ಸರಕಾರದ ಲೆಕ್ಕದಲ್ಲಿ ಕೂಸಿನ ಪಾಲು. ಅದನ್ನು ಮನೆಯವರೆಲ್ಲ ಹಂಚಿಕೊಂಡರೆ ಕೂಸಿಗೆ ಉಳಿಯುವುದು ಹೆಸರು ಮಾತ್ರ. ತಿಂಗಳಿಗೊಮ್ಮೆ ಅಲ್ಲಿಯೇ ತೂಕ ಹಾಕಿಸಿ, ಪಟ್ಟಿಯ ಗೆರೆ ಮೇಲೇರುತ್ತಿದೆಯೇ ಎಂದು ಕೇಳಿ ನೋಡಿಕೊಳ್ಳಿ.

ನಿಮ್ಮ ಮನೆಯ ಕೂಸಿಗೆ ಹತ್ತು ತಿಂಗಳಾಗಿಯೂ ತಿಳಿ ಗಂಜಿಯೇ ನಡೆದಿದ್ದರೆ ನಾಳೆಯ ಊಟದಿಂದಲೇ ದಪ್ಪ ಮಾಡಿ, ವಾರದೊಳಗೆ ಅದರಲ್ಲಿ ಮೆತ್ತನೆಯ ತುಣುಕು ಬಿಡಿ. ಹದಿನೈದು ತಿಂಗಳಾದರೂ ತುಣುಕು ನುಂಗಲು ಬಾರದಿದ್ದರೆ, ಪ್ರತಿ ತುತ್ತಿಗೂ ಕೆಮ್ಮಿದರೆ, ಎರಡು ತಿಂಗಳು ತೂಕ ಏರದೆ ನಿಂತರೆ, ಹಟವೆಂದು ಬಿಡದೆ ಮಕ್ಕಳ ವೈದ್ಯರಿಗೆ ತೋರಿಸಿ.